ಬೆಟ್ಟ ಇಳಿದ ಮರುದಿನ

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಹೋಗುವ ಸಂಸಾರಗಳಲ್ಲಿ ಕೆಲವರು ಅನುಸರಿಸುವ ಉಪಾಯವೊಂದುಂಟು. ಹತ್ತುವಾಗ ಬಸ್ಸು, ಇಳಿಯುವಾಗ ಮೆಟ್ಟಲು. “ಏರುವುದು ತಾನೆ ಕಷ್ಟ? ಇಳಿಯುವುದಕ್ಕೇನು, ಕಾಲು ತಾನಾಗಿಯೇ ಸಾಗುತ್ತದೆ” ಎಂಬುದು ಮನೆಯ ಯಜಮಾನರ ತರ್ಕ. ದೇವಿಯ ದರ್ಶನವಾಗುತ್ತದೆ. ಸಾವಿರ ಮೆಟ್ಟಲುಗಳನ್ನು ಎಲ್ಲರೂ ಮಾತನಾಡುತ್ತ ಇಳಿಯುತ್ತಾರೆ. ನಡುದಾರಿಯಲ್ಲಿ ದೊಡ್ಡ ನಂದಿಗೆ ಕೈಮುಗಿಯುತ್ತಾರೆ. ಏದುಸಿರಿಲ್ಲ, ಆಯಾಸವಿಲ್ಲ. ಬುಡಕ್ಕೆ ಬಂದಾಗ ಮೊಣಕಾಲು ಕೊಂಚ ನಡುಗುತ್ತದೆ, ಅಷ್ಟೆ. ಆ ರಾತ್ರಿ ಸುಖನಿದ್ರೆ.

ಮರುದಿನ ಬೆಳಗ್ಗೆ ತೊಡೆಗಳಲ್ಲಿ ಬಿಗಿತ. ಅದರ ಮರುದಿನವಂತೂ ಮಣೆಯ ಮೇಲೆ ಕುಳಿತ ಅಜ್ಜಿ ಏಳಲಾರರು. ಕಾಲೇಜಿಗೆ ಹೋಗುವ ಮೊಮ್ಮಗನೂ ಗೋಡೆ ಹಿಡಿದು, ಅಡ್ಡಡ್ಡಲಾಗಿ ಕಾಲಿಡುತ್ತ ಮಹಡಿಯಿಂದ ಇಳಿಯುತ್ತಾನೆ. “ನನಗೆ ವಯಸ್ಸಾಯಿತು, ಬೆಟ್ಟದ ಋಣ ಇಲ್ಲಿಗೆ ತೀರಿತು” ಎಂದು ಅಜ್ಜಿ ನಿಶ್ಚಯಿಸಿಬಿಡುತ್ತಾರೆ. ನೋವು ವಾರದೊಳಗೆ ಹೋಗುತ್ತದೆ; ಈ ನಿಶ್ಚಯ ಮಾತ್ರ ಉಳಿದುಬಿಡುತ್ತದೆ. ನಡೆಯುವ ಅಭ್ಯಾಸವೇ ತಪ್ಪಿಹೋದರೆ ಆಗುವ ಹಾನಿ ಆ ನೋವಿಗಿಂತ ದೊಡ್ಡದು.

ಹಾಗಾದರೆ ಸುಲಭವೆಂದು ತೋರಿದ ಇಳಿತವು ಕಾಲಿಗೆ ಮಾಡಿದ್ದಾದರೂ ಏನು?

ಏರುವಾಗ ತೊಡೆಯ ಮುಂಭಾಗದ ಮಾಂಸಖಂಡಗಳು ಕುಗ್ಗುತ್ತ ದೇಹವನ್ನು ಮೇಲೆತ್ತುತ್ತವೆ. ಇಳಿಯುವಾಗ ಅವು ದೇಹದ ಭಾರವನ್ನು ತಡೆಹಿಡಿಯಬೇಕು; ಬಿಗಿಯಾಗಿರುವಾಗಲೇ ಹಿಗ್ಗಬೇಕು. ಅಟ್ಟದಿಂದ ಮೂಟೆಯನ್ನು ಹಗ್ಗ ಕಟ್ಟಿ ಇಳಿಸುವವನು ಹಗ್ಗವನ್ನು ಬಿಗಿಹಿಡಿದೇ ಸ್ವಲ್ಪಸ್ವಲ್ಪವಾಗಿ ಬಿಡುತ್ತಾನಷ್ಟೆ? ಅಂಗೈ ಉಜ್ಜಿಹೋಗುವುದು ಆಗಲೇ. ಪ್ರತಿಯೊಂದು ಮೆಟ್ಟಲಿನಲ್ಲಿಯೂ ತೊಡೆ ಮಾಡುವ ಕೆಲಸ ಇಂತಹುದು.

1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್ಲಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಸರಪಳಿಯಿಂದ ಜೋಡಿಸಿದರು. ಒಬ್ಬರು ಪೆಡಲನ್ನು ತುಳಿಯಬೇಕು. ಇನ್ನೊಬ್ಬರು ಅದನ್ನು ತಡೆಯಬೇಕು. ಇಬ್ಬರ ಬಲ ಒಂದೇ ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ಬಹಳ ಕಡಿಮೆಯೆಂದು ಕಂಡುಬಂದಿತು. ಇಳಿಯುವಾಗ ಉಸಿರು ಕಟ್ಟದಿರುವುದಕ್ಕೆ ಕಾರಣ ಇದೇ. ಆದರೆ ತಡೆಯುವ ಕೆಲಸಕ್ಕೆ ಮಾಂಸಖಂಡದ ಕೆಲವೇ ಎಳೆಗಳು ತೊಡಗುವುದರಿಂದ ಒಂದೊಂದು ಎಳೆಯ ಮೇಲೆ ಬೀಳುವ ಸೆಳೆತ ಹೆಚ್ಚು. ಶ್ವಾಸಕೋಶ ದೂರು ಹೇಳುವುದಿಲ್ಲ, ಮನುಷ್ಯ ಮೋಸಹೋಗುತ್ತಾನೆ. 1981ರಲ್ಲಿ ಸ್ವೀಡನ್ನಿನ ಸಂಶೋಧಕರು ಮೆಟ್ಟಲಿಳಿದು ನೋವುಂಡವರ ಮೀನಖಂಡದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಎಳೆಗಳೊಳಗಿನ ಕಟ್ಟು ಅಲ್ಲಲ್ಲಿ ಅಸ್ತವ್ಯಸ್ತವಾಗಿದ್ದುದು ಕಂಡಿತು.

ಈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಇಂದಿಗೂ ಹಲವರು ನಂಬಿದ್ದಾರೆ. ಆ ಆಮ್ಲವು ಶ್ರಮ ನಿಂತ ಒಂದೆರಡು ಗಂಟೆಗಳೊಳಗೆ ಕರಗಿಹೋಗುತ್ತದೆ. ಈ ನೋವಾದರೋ ಮರುದಿನ ತಲೆಯೆತ್ತಿ, ಎರಡನೆಯ ಅಥವಾ ಮೂರನೆಯ ದಿನ ಉಲ್ಬಣಿಸುತ್ತದೆ. ತಡವಾಗಿ ಬರುವ ಈ ನೋವಿಗೆ ಮಾಂಸಖಂಡದೊಳಗಿನ ಹರಿತವೇ ಕಾರಣವಿರಬೇಕೆಂದು ಅಮೆರಿಕದ ಥಿಯೊಡರ್ ಹಫ್ 1902ರಲ್ಲಿಯೇ ಊಹಿಸಿದ್ದರು. ಎಳೆಗಳನ್ನು ದೇಹ ದುರಸ್ತಿ ಮಾಡುವಾಗ ಉಂಟಾಗುವ ಉರಿಯೂತವೇ ನೋವಾಗಿ ತೋರುತ್ತದೆ.

ಇದಕ್ಕೆ ದೊಡ್ಡ ಔಷಧವೇನೂ ಬೇಕಿಲ್ಲ. ಬಿಸಿನೀರಿನ ಸ್ನಾನ, ಹಗುರವಾಗಿ ನೀವುವುದು, ಮನೆಯೊಳಗೆ ಮೆಲ್ಲನೆ ಓಡಾಡುವುದು ಇವುಗಳಿಂದ ಹಿತವಾಗುತ್ತದೆ. ನೋಯುವ ತೊಡೆಯನ್ನು ಬಲವಾಗಿ ತಿಕ್ಕಬಾರದು. ಆದರೆ ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾದರೆ, ಒಂದೇ ಕಾಲು ಊದಿಕೊಂಡು ಬಿಸಿಯಾದರೆ, ಇಳಿಯುತ್ತಿರುವಾಗಲೇ ಚಳಕು ಹೊಡೆದು ಕಾಲೂರಲಾಗದಿದ್ದರೆ, ಅಥವಾ ವಾರ ಕಳೆದರೂ ನೋವು ತಗ್ಗದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಸಂತೋಷದ ಸಂಗತಿಯೊಂದಿದೆ. ಮಾಂಸಖಂಡ ಪಾಠ ಮರೆಯುವುದಿಲ್ಲ. ಒಮ್ಮೆ ಇಳಿದು ನೊಂದ ಕಾಲು, ಕೆಲವು ವಾರಗಳೊಳಗೆ ಮತ್ತೆ ಅಷ್ಟೇ ಇಳಿದರೆ ನೋವು ಬಹಳ ಕಡಿಮೆ. ಆದುದರಿಂದ ಯಾತ್ರೆಗೆ ಎರಡು ಮೂರು ವಾರ ಮುಂಚೆಯೇ ಮನೆಯ ಮೆಟ್ಟಲುಗಳನ್ನು ನಿಧಾನವಾಗಿ ಇಳಿಯುವುದನ್ನೂ, ಕುರ್ಚಿಯ ಮೇಲೆ ಮೆಲ್ಲನೆ ಕೂರುವುದನ್ನೂ ರೂಢಿಸಿಕೊಳ್ಳುವುದು ಲೇಸು. ಬೆಟ್ಟದಲ್ಲಿ ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ಕೊಂಚ ಬಾಗಿರಲಿ, ಧುಮುಕುವುದು ಬೇಡ. ಕೈಯಲ್ಲೊಂದು ಊರುಗೋಲಿದ್ದರೆ ಮೊಣಕಾಲಿನ ಭಾರ ತಗ್ಗುತ್ತದೆ.

ಅಭ್ಯಾಸವಿಲ್ಲದವರಿಗೆ ಯಜಮಾನರ ಉಪಾಯವನ್ನು ತಿರುಗಿಸುವುದೇ ಜಾಣತನ. ಹೃದಯ, ಉಸಿರಾಟಗಳ ತೊಂದರೆ ಇಲ್ಲದಿದ್ದರೆ ಅಲ್ಲಲ್ಲಿ ಕುಳಿತು ವಿಶ್ರಮಿಸುತ್ತ ಮೆಟ್ಟಲು ಹತ್ತಲಿ; ಇಳಿಯುವಾಗ ಬಸ್ಸು ಹಿಡಿಯಲಿ. ಎರಡು ದಿನದ ಕಾಲುನೋವನ್ನು ಮುಪ್ಪಿನ ತೀರ್ಪೆಂದು ಅಜ್ಜಿ ಭಾವಿಸಬೇಕಾಗಿಲ್ಲ. ಅದೇ ನೋವು ಇಪ್ಪತ್ತರ ಮೊಮ್ಮಗನಿಗೂ ಬಂದಿದೆ. ಮುಂದಿನ ಆಷಾಢ ಶುಕ್ರವಾರಕ್ಕೆ ಅವರು ಈಗಿನಿಂದಲೇ ಸಿದ್ಧರಾಗಬಹುದು.