ಬೀಳಗಿಯ ಅಮೀರಬಾಯಿ: ಮರೆಗೆ ಸರಿದ ಮೊದಲ ತಟ್ಟೆ

ಅಮೀರಬಾಯಿ ಕರ್ನಾಟಕಿ ಎಂದೊಡನೆ ಹಿರಿಯರಿಗೆ ನೆನಪಾಗುವುದು 1943ರ 'ಕಿಸ್ಮತ್' ಮತ್ತು ಮರುವರ್ಷದ 'ರತನ್'. ಅನಿಲ್ ಬಿಸ್ವಾಸ್, ನೌಷಾದ್ ಅವರ ಸಂಗೀತದಲ್ಲಿ ಆಕೆ ಹಾಡಿದ ಗೀತೆಗಳು ದೇಶದ ಮನೆಮಾತಾಗಿದ್ದವು. ಆದರೆ ಬೀಳಗಿಯ ಈ ಗಾಯಕಿಯ ಕಂಠವನ್ನು ಜನ ಮೊದಲು ಕೇಳಿದ್ದು ಬೆಳ್ಳಿತೆರೆಯಿಂದಲ್ಲ, ಅರಗಿನ ಗ್ರಾಮಾಫೋನ್ ತಟ್ಟೆಯಿಂದ.

ಹರೆಯದಲ್ಲೇ ಮುಂಬಯಿ ಸೇರಿದ ಅಮೀರಬಾಯಿಯ ದನಿಗೆ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ರತಿನಿಧಿಯೊಬ್ಬರು ಮನಸೋತು ಕವ್ವಾಲಿಯೊಂದನ್ನು ಮುದ್ರಿಸಿಕೊಂಡರು, ಅದು ಜನಪ್ರಿಯವೂ ಆಯಿತು ಎಂದು ಆಕೆಯ ಜೀವನಕಥನಗಳು ಹೇಳುತ್ತವೆ. 1934ರಲ್ಲಿ ಅಕ್ಕ ಗೋಹರಬಾಯಿಯ ನೆರವಿನಿಂದ 'ವಿಷ್ಣುಭಕ್ತಿ' ಚಿತ್ರದಲ್ಲಿ ಪಾತ್ರ ದೊರೆಯಿತು. ಅಲ್ಲಿಂದಾಚೆಗಿನದು ಚಿತ್ರರಂಗದ ಇತಿಹಾಸ. ಕವ್ವಾಲಿಯ ತಟ್ಟೆ ಮಾತ್ರ ಆ ಇತಿಹಾಸದ ಅಡಿಟಿಪ್ಪಣಿಗೆ ಸರಿಯಿತು. ಚಿತ್ರಗೀತೆಗಳಿಗೆ ಆಕಾಶವಾಣಿಯ ಆಸರೆ ದೊರೆಯಿತು. ಚಿತ್ರವೇ ಇಲ್ಲದ ಹಾಡನ್ನು ನೆನಪಿಸುವವರಾರು?

ಇಂತಹ ತಟ್ಟೆಯನ್ನು ಗುರುತಿಸುವುದು ಸುಲಭವಲ್ಲ. ಮೊದಲ ತೊಡಕು ಹೆಸರಿನದು. ಗೋಹರ್ ಎಂಬ ಹೆಸರು ಕಂಡೊಡನೆ ಕೆಲವರು ಅಕ್ಕ ಗೋಹರಬಾಯಿ ಕರ್ನಾಟಕಿಯನ್ನು ರಣಜಿತ್ ಮೂವಿಟೋನ್‌ನ ನಟಿ ಗೋಹರ್ ಮಾಮಾಜಿವಾಲಾ ಎಂದು ಭಾವಿಸುತ್ತಾರೆ. ಮತ್ತೆ ಕೆಲವರು 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್ ಎನ್ನುತ್ತಾರೆ. ಮೂವರೂ ಬೇರೆ ಬೇರೆ. ಬಾಲಗಂಧರ್ವರ ಬಾಳಸಂಗಾತಿಯಾದವರು ಬೀಳಗಿಯ ಗೋಹರಬಾಯಿ. ಇನ್ನು ತಟ್ಟೆಯ ಚೀಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1949ರ 'ಮಹಲ್' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಅಚ್ಚಾಗಿದ್ದುದು 'ಕಾಮಿನಿ' ಎಂಬ ಪಾತ್ರದ ಹೆಸರು!

ಈ ಸಹೋದರಿಯರ ಮಟ್ಟಿಗೆ 'ಕರ್ನಾಟಕಿ' ಎಂಬ ಪದವೇ ದೊಡ್ಡ ಗುರುತು. ಆಗ ಬೀಳಗಿಯಿದ್ದುದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ನೆರೆಯ ಜಮಖಂಡಿ, ಮುಧೋಳಗಳಲ್ಲಿ ಸಂಸ್ಥಾನಿಕರ ಆಳ್ವಿಕೆ. ನಮ್ಮ ರಾಜ್ಯ 'ಕರ್ನಾಟಕ' ಎನಿಸಿಕೊಂಡದ್ದು 1973ರಲ್ಲಿ. ಅದಕ್ಕೆ ದಶಕಗಳ ಮುನ್ನವೇ ಅಕ್ಕತಂಗಿಯರು ಆ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ಊರೂರಿಗೆ ಮುಟ್ಟಿಸಿದ್ದರು.

ಚೀಟಿಗಿಂತ ನಂಬಿಕಸ್ತ ಸಾಕ್ಷಿ ಮತ್ತೊಂದಿದೆ. ಹಾಡಿನ ಗೆರೆಗಳು ಮುಗಿದು ಚೀಟಿ ಆರಂಭವಾಗುವ ನಡುವಿನ ನುಣುಪು ಜಾಗವನ್ನು ಓರೆ ಬೆಳಕಿಗೆ ಹಿಡಿದರೆ ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. ಅವು ಧ್ವನಿಮುದ್ರಣದ ಕ್ರಮಸಂಖ್ಯೆ. ಕಂಪನಿಯ ಹಳೆಯ ಪಟ್ಟಿಗಳೊಡನೆ ಹೋಲಿಸಿದರೆ ಹಾಡು ಸರಿಸುಮಾರು ಎಂದು ಮುದ್ರಿತವಾಯಿತೆಂದು ತಿಳಿಯುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ರಾತ್ರಿಯಿಡೀ ನಡೆಯುವ ಕವ್ವಾಲಿಯನ್ನು ಅಷ್ಟಕ್ಕೆ ಇಳಿಸುವುದೆಂದರೆ ಗಾಯಕಿಗೆ ಅದೇ ಒಂದು ಪರೀಕ್ಷೆ.

ನಿಮಿಷಕ್ಕೆ 78 ಸುತ್ತಿನ ಈ ತಟ್ಟೆಗಳಲ್ಲಿ ಅರಗು, ಕಲ್ಲಿನ ಪುಡಿ, ಕಾಡಿಗೆಗಳು ಬೆರೆತಿರುತ್ತಿದ್ದವು. ಕೈಜಾರಿದರೆ ಗಾಜಿನಂತೆ ಒಡೆಯುತ್ತವೆ. ಗುಜರಿ ಸೇರಿದ ಮೇಲೆ ಅವುಗಳ ಕತೆ ಮುಗಿದಂತೆಯೇ. ನೀರು ತಗುಲಿದರೆ ಹಾಡು ಉಳಿದರೂ ಚೀಟಿ ಕಿತ್ತುಬರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭೆಗಳ ನೆರೆ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸುತ್ತಿನ ಮನೆಗಳಿಗೆ ನುಗ್ಗಿತ್ತು. ಅಂತಹ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳಿಗೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ನಾಟಕದ ಗೀಳು ಹತ್ತಿದ್ದ ಈ ಸೀಮೆಯ ಅಟ್ಟಗಳಲ್ಲಿ ಹಿರಿಯರು 'ಪ್ಲೇಟು' ಎಂದು ಕರೆಯುತ್ತಿದ್ದ ತಟ್ಟೆಗಳು ದೊರೆತರೆ ಅವಸರದಿಂದ ನುಡಿಸಲು ಹೋಗಬಾರದು. ಸವೆದ ಉಕ್ಕಿನ ಮುಳ್ಳು ಗೆರೆಗಳನ್ನು ಕೆರೆದುಹಾಕುತ್ತದೆ. ಹಿಂದೆ ಒಂದೊಂದು ಬದಿಗೂ ಹೊಸ ಮುಳ್ಳು ಹಾಕುತ್ತಿದ್ದುದು ಅದಕ್ಕೇ. ಹೊಳಪು ಬರಲೆಂದು ಸ್ಪಿರಿಟ್ ಹಚ್ಚುವುದಂತೂ ಸಲ್ಲದು, ಅದು ಅರಗನ್ನೇ ಕರಗಿಸುತ್ತದೆ. ಒಣಗಿದ ಮೃದು ಬಟ್ಟೆಯಿಂದ ಧೂಳು ತೆಗೆದು, ಎರಡೂ ಬದಿಯ ಚೀಟಿ ಹಾಗೂ ಗೀಚಿದ ಅಂಕಿಗಳ ಛಾಯಾಚಿತ್ರ ತೆಗೆದುಕೊಂಡು, ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿಡಬೇಕು. ನುಡಿಸುವುದು ಆಮೇಲಿನ ಮಾತು.