ಒಡೆದ ಮನೆಯ ಕಾಂಕ್ರೀಟು ಕೆರೆಯಂಗಳಕ್ಕೇ ಯಾಕೆ ಹೋಗಬೇಕು?

ಬೆಂಗಳೂರಿನ ನಮ್ಮ ಹಳೆ ಮನೆ ಒಡೆಸಿದಾಗ ಕಂಬಿ, ಬಾಗಿಲು, ಕಿಟಕಿಗೆಲ್ಲ ಗುತ್ತಿಗೆದಾರ ದುಡ್ಡು ಕೊಟ್ಟ. ಉಳಿದ ಡೆಬ್ರಿಸ್ ಸಾಗಿಸೋಕೆ ಲೋಡಿಗಿಷ್ಟು ಅಂತ ನಾವೇ ಕೊಟ್ಟೆವು. "ಎಲ್ಲಿ ಸುರಿತೀಯಪ್ಪ?" ಅಂದರೆ ಟ್ರ್ಯಾಕ್ಟರ್ ಹುಡುಗ ಸುಮ್ಮನೆ ನಕ್ಕ. ಕೆರೆಯಂಗಳ, ರಾಜಕಾಲುವೆ ಅಂಚು ನೋಡಿದವರಿಗೆ ಆ ನಗುವಿನ ಅರ್ಥ ಗೊತ್ತು. ಅದೇ ವಾರ ಹೊಸ ಪಾಯಕ್ಕೆ ಜಲ್ಲಿ ಬಂತು. ಸಿವಿಲ್ ಓದಿದ ನಾನು ಕಾಸು ಕೊಟ್ಟು ಕಲ್ಲು ಆಚೆ ಹಾಕಿಸಿ, ಮತ್ತೆ ಕಾಸು ಕೊಟ್ಟು ಕಲ್ಲು ತರಿಸಿದ್ದೆ!

ಕಾಂಕ್ರೀಟಿನಲ್ಲಿ ಹೆಚ್ಚಿನ ಪಾಲು ಜಲ್ಲಿ, ಮರಳು. ಅದನ್ನು ಪುಡಿಮಾಡಿ, ಕಂಬಿ ತೆಗೆದು, ಜರಡಿ ಹಿಡಿದರೆ ಮತ್ತೆ ಜಲ್ಲಿ ಸಿಗುತ್ತೆ. ಆದರೆ ಅದಕ್ಕೆ ಹಳೆ ಸಿಮೆಂಟು ಗಾರೆ ಅಂಟಿರುತ್ತೆ, ಗಾರೆ ನೀರು ಕುಡಿಯುತ್ತೆ. ಹೊಸ ಜಲ್ಲಿಯ ಲೆಕ್ಕದಲ್ಲೇ ಕಲಸಿದರೆ ಮಾಲು ಬೇಗ ಬಿಗಿಯಾಗುತ್ತೆ. ಆಗ ಮೇಸ್ತ್ರಿ ಇನ್ನೊಂದು ಬಕೆಟ್ ನೀರು ಸುರೀತಾನೆ, ಬಲ ಕುಸಿಯುತ್ತೆ. ಜಲ್ಲಿಯನ್ನು ಮೊದಲೇ ನೆನೆಸಿಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತೆ.

ಇದಕ್ಕೆ ಮಾನಕದ ಅಡ್ಡಿಯೂ ಇಲ್ಲ. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಪ್ರಕಾರ ಎಂ25 ದರ್ಜೆವರೆಗಿನ ಆರ್‌ಸಿಸಿಯಲ್ಲಿ ದಪ್ಪ ಜಲ್ಲಿಯ ಶೇ. 20ರಷ್ಟು, ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ. 25ರಷ್ಟು ಹಳೆ ಕಾಂಕ್ರೀಟಿನ ಜಲ್ಲಿ ಬಳಸಬಹುದು. ಪಾಯದ ತಳಕ್ಕೆ ಹಾಕುವಂಥ, ಎಂ15ಕ್ಕಿಂತ ಕೆಳಗಿನ ಕಾಂಕ್ರೀಟಿಗೆ ಪೂರ್ತಿ ಶೇ. 100.

ನನ್ನ ಕೇಳಿದರೆ, ಪರೀಕ್ಷೆ ಮಾಡಿಸದ ಜಲ್ಲಿಯನ್ನು ತಲೆ ಮೇಲಿನ ಸ್ಲ್ಯಾಬಿಗೆ ಹಾಕೋ ಸಾಹಸ ಬೇಡ. ಕಾಲ ಕೆಳಗೆ ಬೇಕಾದಷ್ಟು ಕೆಲಸ ಇದೆ. ನೆಲಹಾಸಿನ ಕೆಳಗಿನ ಭರ್ತಿ, ಕಾರು ನಿಲ್ಲಿಸೋ ಜಾಗ, ರಸ್ತೆಯ ಅಡಿಪದರ, ಪೇವರ್ ಬ್ಲಾಕು, ಫುಟ್‌ಪಾತಿನ ಅಂಚುಕಲ್ಲು. ತೋಟದಲ್ಲಿ ಸ್ಲ್ಯಾಬಿನ ಚಪ್ಪಟೆ ತುಂಡುಗಳನ್ನು ಹಾಸಿ ಕಾಲುದಾರಿ ಮಾಡಬಹುದು, ಒಂದರ ಮೇಲೊಂದು ಪೇರಿಸಿ ಮೊಣಕಾಲೆತ್ತರದ ಒಡ್ಡು ಕಟ್ಟಬಹುದು. ಗಾರೆ ಬೇಡ, ಸಂದಿಯಲ್ಲಿ ಮಳೆನೀರು ಇಳಿದುಹೋಗುತ್ತೆ. ಕೇಪಳ ಗಿಡದ ಬುಡಕ್ಕೆ ಮಾತ್ರ ಈ ಪುಡಿ ಹಾಕಬೇಡಿ. ಕಾಂಕ್ರೀಟು ಕ್ಷಾರ, ಕೇಪಳಕ್ಕೆ ಹುಳಿಮಣ್ಣೇ ಬೇಕು, ಎಲೆ ಹಳದಿಯಾಗುತ್ತೆ. ಮೀನಿನ ಕೊಳದ ಅಂಚಿಗೂ ಬೇಡ.

ಇಷ್ಟೆಲ್ಲ ಆಗೋದು ಬಿಡಿಸಿ ಒಡೆದರೆ ಮಾತ್ರ. ಜೆಸಿಬಿ ತಂದು ಒಂದೇ ಏಟಿಗೆ ಕೆಡವಿದರೆ ಪಿಒಪಿ, ಟೈಲ್ಸು, ಮರ, ಮಣ್ಣು ಎಲ್ಲ ಕಲಸುಮೇಲೋಗರ. ಪಿಒಪಿಯಲ್ಲಿರೋ ಜಿಪ್ಸಮ್ ಹೊಸ ಕಾಂಕ್ರೀಟಿಗೆ ಸೇರಿದರೆ ಒಳಗಿಂದಲೇ ಉಬ್ಬಿಸಿ ಬಿರುಕು ಬಿಡಿಸುತ್ತೆ. ಹಳೆ ಆಸ್ಬೆಸ್ಟಾಸ್ ಶೀಟಿದ್ದರೆ ಅದನ್ನಂತೂ ಒಡೆಯಲೇಬಾರದು. ಮೊದಲು ಇವನ್ನೆಲ್ಲ ಕಳಚಿ, ಇಟ್ಟಿಗೆ ಗೋಡೆ ಬೇರೆ, ಕಾಂಕ್ರೀಟು ಬೇರೆ ರಾಶಿ ಹಾಕಿಸಬೇಕು. ಗುತ್ತಿಗೆದಾರ ಗೊಣಗುತ್ತಾನೆ, ದಿನಗಳೂ ಹೆಚ್ಚಾಗ್ತವೆ. ಒಡೆಯೋ ಮುಂಚೆಯೇ ಮಾತಾಡಿಕೊಳ್ಳಿ.

ಮನೆಯವರು ಬೇರ್ಪಡಿಸಿ ಕೊಟ್ಟರೂ ಕೊಳ್ಳುವವರು ಬೇಕಲ್ಲ? ನಗರಪಾಲಿಕೆ ಮತ್ತು ಸರ್ಕಾರಿ ಗುತ್ತಿಗೆಗಳಲ್ಲಿ ಇಂಥ ಸಾಮಗ್ರಿಯನ್ನು ಶೇ. 10ರಿಂದ 20ರಷ್ಟು ಕಡ್ಡಾಯ ಮಾಡಬೇಕು ಅಂತ ಕೇಂದ್ರದ 2016ರ ಕಟ್ಟಡ ತ್ಯಾಜ್ಯ ನಿಯಮಗಳಲ್ಲೇ ಇತ್ತು. ನಿಮ್ಮ ರಸ್ತೆಯ ಫುಟ್‌ಪಾತ್ ಮತ್ತೆ ಅಗೆದಾಗ, ಈ ಷರತ್ತು ಟೆಂಡರಿನಲ್ಲಿದೆಯಾ ಅಂತ ಎಂಜಿನಿಯರನ್ನು ಒಮ್ಮೆ ಕೇಳಿ ನೋಡಿ.

ನಮ್ಮ ಮನೆಯ ಕೊನೆಯ ಎರಡು ಲೋಡನ್ನು ಹೇಗೋ ತಡೆದು ನಿಲ್ಲಿಸಿಕೊಂಡೆ. ಈಗ ಅದರ ಮೇಲೆ ಕಾರು ನಿಂತಿದೆ.