ಲಿನಕ್ಸ್ ಗಣಕಯಂತ್ರದ ತೊಂದರೆಗಳೂ ಪರಸ್ಪರ ನೆರವೂ

ತೋಟದ ಪಂಪು ಕೆಟ್ಟರೆ ಪಂಪಿನ ಕೆಲಸ ಬಲ್ಲವರನ್ನು ಕರೆಯುತ್ತೇವೆ. ಹಸುವಿಗೆ ಸೌಖ್ಯವಿಲ್ಲದಿದ್ದರೆ ಪಶುವೈದ್ಯರಿಗೆ ತಿಳಿಸುತ್ತೇವೆ. ಗಣಕಯಂತ್ರ ಕೆಟ್ಟರೆ ಮಾಡುವುದೇನು? "ಅಂಗಡಿಗೆ ಕೊಂಡುಹೋಗುವುದು" ಎಂಬುದೇ ಹೆಚ್ಚಿನವರ ಉತ್ತರ. ಆದರೆ ಗಣಕಯಂತ್ರದ ತೊಂದರೆಗಳಲ್ಲಿ ಬಹುಪಾಲು ಯಂತ್ರದ ಭಾಗ ಮುರಿದು ಬಂದವುಗಳಲ್ಲ. ತಾಳ್ಮೆಯಿಂದ ನೋಡಿದರೆ ನಾವೇ ಸರಿಪಡಿಸಿಕೊಳ್ಳಬಹುದಾದವು ಎಷ್ಟೋ ಉಂಟು. ಲಿನಕ್ಸ್ ಬಳಸುವವರಿಗಂತೂ ಲೋಕದ ನಾನಾ ಕಡೆಗಳಲ್ಲಿರುವ ಬಳಕೆದಾರರ ನೆರವು ಹಣ ಕೊಡದೆ ದೊರೆಯುತ್ತದೆ. ಆ ನೆರವಿನ ಬಗೆ ಹೇಗೆ, ಅದನ್ನು ಪಡೆಯುವ ಕ್ರಮ ಯಾವುದು, ನಾವು ಹಿಂತಿರುಗಿ ಕೊಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಶಾಲೆಗೂ ಲಿನಕ್ಸಿಗೂ ಏನು ಸಂಬಂಧ?

ಗಣಕಯಂತ್ರವನ್ನು ನಡೆಸುವ ಮೂಲ ಕ್ರಮವಿಧಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಇನ್ನೊಂದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಶಾಲೆಗಳಲ್ಲಿ ಲಿನಕ್ಸನ್ನೇ ಬಳಕೆಗೆ ತಂದಿತು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳೂ ಪ್ರೌಢಶಾಲೆಗಳಲ್ಲಿ ನಡೆಯುತ್ತಿವೆ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಪಾಠ ಕಲಿಯುವುದೂ ಪ್ರಾಯೋಗಿಕ ಪರೀಕ್ಷೆ ಬರೆಯುವುದೂ ಲಿನಕ್ಸ್ ಯಂತ್ರಗಳಲ್ಲಿಯೇ. ಪರೀಕ್ಷೆಯ ಹಿಂದಿನ ದಿನ ಯಂತ್ರ ಮೊಂಡುಹಿಡಿದು ನಿಂತರೆ ಆಗುವ ಗಾಬರಿ ಎಂಥದೆಂದು ಹತ್ತನೆಯ ತರಗತಿಯವರಿಗೆ ಹೇಳಬೇಕಾಗಿಲ್ಲ.

ಈ ನೆರವಿನ ಮೂಲ

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸಮಾಡುತ್ತಿದ್ದರು. ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಅವರು ಅದರ ಕ್ರಮವಿಧಿಯನ್ನು ತಿದ್ದಿದ್ದರು. ಹೊಸ ಯಂತ್ರ ಬಂದಾಗ ಅದರ ಮೂಲ ಬರಹ ಅವರಿಗೆ ಸಿಗಲಿಲ್ಲ. ಕೇಳಿದರೂ ಕೊಡಲಿಲ್ಲ. ತಿದ್ದಬಲ್ಲವನು ಎದುರಿಗಿದ್ದರೂ ತಿದ್ದಲು ಬಿಡದ ಈ ಪದ್ಧತಿ ಅವರ ಮನಸ್ಸನ್ನು ಕೊರೆಯಿತು. 1983ರಲ್ಲಿ ಅವರು ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. ಅದೇ 'ಗ್ನೂ' ಯೋಜನೆ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಇತರರಿಗೆ ತಿಳಿಸಿ ಅವರ ಅಭಿಪ್ರಾಯ ಕೇಳಿದ. ಆಗ ಅವನಿಗೆ 21 ವರ್ಷ. ಅದುವೇ ಲಿನಕ್ಸಿನ ಹುಟ್ಟು. ಆ ದಿನ ಅವನು ಕೇಳದೇ ಇದ್ದರೆ, ಅಥವಾ ಕೇಳಿದಾಗ ಇತರರು ಕಿವಿಗೊಡದೇ ಇದ್ದರೆ, ಲಿನಕ್ಸ್ ಒಬ್ಬ ಹುಡುಗನ ಕೋಣೆಯಲ್ಲೇ ಉಳಿಯುತ್ತಿತ್ತು.

1993ರಲ್ಲಿ ಆರಂಭವಾದ 'ಡೆಬಿಯನ್' ಎಂಬ ಬಳಗವು 1997ರಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡಿತು. ತಮ್ಮ ವ್ಯವಸ್ಥೆಯಲ್ಲಿರುವ ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬುದು ಅದರ ಒಂದು ಅಂಶ. 2004ರಲ್ಲಿ ಬಂದ ಉಬುಂಟು ಡೆಬಿಯನ್ನಿನ ಮೇಲೆ ನಿಂತಿದೆ. ನಮ್ಮ ಶಾಲೆಗಳ ಕೈಟ್ ಲಿನಕ್ಸ್ ಉಬುಂಟುವಿನ ಮೇಲೆ ನಿಂತಿದೆ. ಎಲ್ಲೋ ದೂರದೇಶದಲ್ಲಿ ಒಬ್ಬರು ಕಂಡುಹಿಡಿದ ಪರಿಹಾರ ನಮ್ಮ ಪ್ರಯೋಗಾಲಯಕ್ಕೂ ಹೊಂದುವುದು ಈ ಕಾರಣದಿಂದಲೇ.

ಪದೇಪದೇ ಕಾಣುವ ಕೆಲವು ತೊಂದರೆಗಳು

1. ಗುಪ್ತಪದ ಸರಿಯಾಗಿದ್ದರೂ ಒಳಗೆ ಬಿಡದು. ಗುಪ್ತಪದ ಕೊಟ್ಟಾಗ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಗುಪ್ತಪದವನ್ನೇ ಕೇಳುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಸಾಮಾನ್ಯವಾದುದು ಡಿಸ್ಕ್ ತುಂಬಿರುವುದು. ಒಳಗೆ ಪ್ರವೇಶಿಸುವಾಗ ಯಂತ್ರವು ಕೆಲವು ಸಣ್ಣ ಕಡತಗಳನ್ನು ಬರೆಯಬೇಕಾಗುತ್ತದೆ. ಬರೆಯಲು ಜಾಗವಿಲ್ಲದಿದ್ದರೆ ಹಿಂದಕ್ಕೆ ತಳ್ಳುತ್ತದೆ. ಆಗ ಕಂಟ್ರೋಲ್, ಆಲ್ಟ್, ಎಫ್-3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರಗಳಿಲ್ಲದ ಬರಿಯ ಅಕ್ಷರದ ಪರದೆ ಬರುತ್ತದೆ. ಅಲ್ಲಿ ಪ್ರವೇಶಿಸಿ 'ಡಿಎಫ್' ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ಡಿಸ್ಕಿನ ಯಾವ ಭಾಗ ನೂರಕ್ಕೆ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. 'ಡಿಯು' ಎಂಬ ಆಜ್ಞೆ ಯಾವ ಕಡತಕೋಶ ಎಷ್ಟು ಜಾಗ ನುಂಗಿದೆ ಎಂದು ಹೇಳುತ್ತದೆ. ಹಿಂದೆ ಇಳಿಸಿಕೊಂಡ ತಂತ್ರಾಂಶದ ಕಟ್ಟುಗಳು ಸುಮ್ಮನೆ ಬಿದ್ದಿದ್ದರೆ 'ಆಪ್ಟ್ ಕ್ಲೀನ್' ಎಂಬ ಆಜ್ಞೆ ಅವನ್ನು ಗುಡಿಸಿಹಾಕುತ್ತದೆ. ಮಕ್ಕಳ ಪಾಠದ ಕಡತಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

2. ಗಡಿಯಾರ ತಪ್ಪು, ಜಾಲತಾಣ ತೆರೆಯದು, ಹೊಸ ತಂತ್ರಾಂಶ ಬಾರದು. ಇವು ಮೂರು ರೋಗಗಳೆಂದು ತೋರಿದರೂ ಮೂಲ ಒಂದೇ ಇರಬಹುದು. ಯಂತ್ರ ಆರಿದ್ದಾಗಲೂ ಗಡಿಯಾರ ನಡೆಯುವಂತೆ ಒಳಗೆ 3 ವೋಲ್ಟಿನ ನಾಣ್ಯದಂತಹ ಬ್ಯಾಟರಿ ಇರುತ್ತದೆ. ಅದು ಮುಗಿದರೆ ಯಂತ್ರ ಎಷ್ಟೋ ವರ್ಷ ಹಿಂದಿನ ದಿನಾಂಕಕ್ಕೆ ಹೋಗುತ್ತದೆ. ಸುರಕ್ಷಿತ ಜಾಲತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಕೊನೆಯ ದಿನವೂ ಉಂಟು. ಹಿಂದಿನ ಕಾಲದಲ್ಲಿರುವ ಯಂತ್ರಕ್ಕೆ ಆ ಪತ್ರ ಇನ್ನೂ ಜಾರಿಗೆ ಬಾರದ್ದೆಂದು ಕಾಣುತ್ತದೆ, ಆದುದರಿಂದ ನಂಬುವುದಿಲ್ಲ. ಅಲ್ಪ ಬೆಲೆಯ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಮೂರು ತೊಂದರೆಗಳೂ ಒಟ್ಟಿಗೆ ಹೋಗುತ್ತವೆ. ಇದನ್ನು ತಿಳಿಯದೆ ಅಂತರ್ಜಾಲದ ತಂತಿಯನ್ನು ದೂರುವುದು, ಇಡೀ ವ್ಯವಸ್ಥೆಯನ್ನು ಅಳಿಸಿ ಮತ್ತೆ ಹಾಕುವುದು ವ್ಯರ್ಥ ಶ್ರಮ.

3. ನಡುವೆ ಕರೆಂಟು ಹೋಯಿತು. ನಮ್ಮ ಮಳೆಗಾಲದಲ್ಲಿ ಇದು ಹೊಸತಲ್ಲ. ತಂತ್ರಾಂಶ ಸೇರಿಸುತ್ತಿರುವಾಗಲೇ ವಿದ್ಯುತ್ತು ನಿಂತರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮುಂದೆ ಏನು ಸೇರಿಸಹೊರಟರೂ ಯಂತ್ರ ಒಪ್ಪುವುದಿಲ್ಲ. 'ಡಿಪಿಕೆಜಿ' ಎಂಬ ಸಾಧನಕ್ಕೆ ಬಾಕಿ ಉಳಿದುದನ್ನು ಪೂರ್ತಿಗೊಳಿಸು ಎಂದು ಆಜ್ಞೆ ಕೊಡಬೇಕು. ಯಾವ ಆಜ್ಞೆ ಎಂದು ತಡೆದ ಸೂಚನೆಯಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ ಎಂಬುದು ವಿಷಾದದ ಸಂಗತಿ.

4. ಸರ್ವರ್ ನಿಂತಿತು. ಹಲವು ಯಂತ್ರಗಳಿಗೆ ಕಡತಗಳನ್ನೋ ಪುಟಗಳನ್ನೋ ಒದಗಿಸುವ ಯಂತ್ರವೇ ಸರ್ವರ್. ಅದು ನಿಂತಾಗ ಕೂಡಲೇ ಆರಿಸಿ ಹೊತ್ತಿಸುವ ಅಭ್ಯಾಸ ಒಳ್ಳೆಯದಲ್ಲ. 'ಸಿಸ್ಟಂ ಸಿಟಿಎಲ್' ಎಂಬ ಆಜ್ಞೆಯಿಂದ ಯಾವ ಸೇವೆ ನಿಂತಿದೆ ಎಂದೂ, 'ಜರ್ನಲ್ ಸಿಟಿಎಲ್' ಎಂಬುದರಿಂದ ನಿಲ್ಲುವ ಮೊದಲು ಅದು ಏನು ಬರೆದಿಟ್ಟಿತು ಎಂದೂ ತಿಳಿಯಬಹುದು. ಇದು ಯಂತ್ರದ ದಿನಚರಿ ಪುಸ್ತಕ. ವೈದ್ಯರು ರೋಗಿಯ ಮಾತು ಕೇಳಿದ ಮೇಲೆ ಮದ್ದು ಬರೆಯುವಂತೆ, ದಿನಚರಿ ಓದಿದ ಮೇಲೆ ಕೈಹಾಕಬೇಕು.

ಕನ್ನಡ ಕಾಣದಿದ್ದರೆ

ಈ ತೊಂದರೆ ನಮಗೆ ಹೆಚ್ಚು ಹತ್ತಿರದ್ದಾದ ಕಾರಣ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. "ಕನ್ನಡ ಸರಿಯಾಗಿ ಬರುವುದಿಲ್ಲ" ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು.

ಅಕ್ಷರದ ಬದಲು ಸಣ್ಣ ಚೌಕಗಳು ಕಂಡರೆ ಯಂತ್ರದಲ್ಲಿ ಕನ್ನಡ ಲಿಪಿಯ ಫಾಂಟ್ ಇಲ್ಲವೆಂದರ್ಥ. ಯಂತ್ರಕ್ಕೆ ಅಕ್ಷರ ಯಾವುದೆಂದು ಗೊತ್ತು, ಆಕಾರ ಗೊತ್ತಿಲ್ಲ. 'ಲೋಹಿತ್', 'ಗುಬ್ಬಿ', 'ನವಿಲು' ಎಂಬ ಫಾಂಟುಗಳು ಎಲ್ಲರಿಗೂ ಮುಕ್ತವಾಗಿ ದೊರೆಯುತ್ತವೆ. ಒಂದನ್ನು ಸೇರಿಸಿದರೆ ಸಾಕು.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ದೋಷ ಬೇರೆ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯಾಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಇಂಗ್ಲಿಷೇ. 1991ರಲ್ಲಿ ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಅದರಲ್ಲಿ 'ಅ' ಎಂಬುದಕ್ಕೆ 3205, 'ಕ' ಎಂಬುದಕ್ಕೆ 3221 ಎಂಬ ಸಂಖ್ಯೆಗಳು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಸ್ವಯಂಸೇವಕರು ಬರೆದು ಹಂಚಿದ್ದಾರೆ. ಇಲ್ಲಿ ಎಷ್ಟು ಫಾಂಟ್ ಸೇರಿಸಿದರೂ ಪ್ರಯೋಜನವಿಲ್ಲ, ಪರಿವರ್ತನೆಯೇ ಮದ್ದು. ಹಳೆಯ ವಾರ್ಷಿಕ ಸಂಚಿಕೆಗಳ, ಪ್ರಶ್ನೆಪತ್ರಿಕೆಗಳ ಕಡತಗಳು ಯಾರ ಬಳಿಯಾದರೂ ಹೀಗೆ ಉಳಿದಿದ್ದರೆ ಅವನ್ನು ಎಸೆಯಬಾರದು. ಅವು ಹಾಳಾಗಿಲ್ಲ, ಹಳೆಯ ವೇಷದಲ್ಲಿವೆ ಅಷ್ಟೆ.

ಅಕ್ಷರಗಳು ಕನ್ನಡವೇ ಆಗಿದ್ದು ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತರೆ, ಅಕ್ಷರ ಜೋಡಿಸುವ ಭಾಗ ಆ ತಂತ್ರಾಂಶದಲ್ಲಿ ಸರಿಯಿಲ್ಲವೆಂದು ತಿಳಿಯಬೇಕು. ಅದೇ ಬರಹವನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಬೇಕು. ಅಲ್ಲಿ ಸರಿಯಾಗಿ ಕಂಡರೆ ದೋಷ ಬರಹದ್ದಲ್ಲ, ಮೊದಲಿನ ತಂತ್ರಾಂಶದ್ದು.

ಇನ್ನು ಬೆರಳಚ್ಚಿನ ವಿಷಯ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಕನ್ನಡ ವಿನ್ಯಾಸವೂ ಇದೆ. ಇದರ ಮೂಲ ವಿನ್ಯಾಸ ನಮ್ಮ ನೆರೆಯ ದಕ್ಷಿಣ ಕನ್ನಡದವರಾದ ಕೆ.ಪಿ. ರಾಯರದು ಎಂಬುದು ನಾವು ಅಭಿಮಾನಪಡಬೇಕಾದ ವಿಷಯ.

ಸಹಾಯ ಕೇಳುವ ಕ್ರಮ

"ನನ್ನ ಕಂಪ್ಯೂಟರ್ ಹಾಳಾಗಿದೆ, ಏನು ಮಾಡಲಿ?" ಎಂದು ಕೇಳಿದರೆ ಯಾವ ಪಂಡಿತನೂ ಉತ್ತರ ಕೊಡಲಾರ. "ನನಗೆ ಹುಷಾರಿಲ್ಲ" ಎಂದಷ್ಟೇ ಹೇಳಿ ವೈದ್ಯರ ಮುಂದೆ ಸುಮ್ಮನೆ ಕುಳಿತಂತೆ ಅದು. ಕೇಳುವವರು ಐದು ಸಂಗತಿಗಳನ್ನು ತಿಳಿಸಬೇಕು:

(1) ಯಾವ ಯಂತ್ರ, ಲಿನಕ್ಸಿನ ಯಾವ ಆವೃತ್ತಿ.
(2) ಏನು ಮಾಡಹೊರಟಿರಿ, ಆಗಬೇಕಾದುದೇನು, ಆದುದೇನು.
(3) ಪರದೆಯಲ್ಲಿ ಬಂದ ಸೂಚನೆ, ಒಂದಕ್ಷರವೂ ಬದಲಾಗದಂತೆ.
(4) ತೊಂದರೆ ಯಾವಾಗ ಆರಂಭವಾಯಿತು. ಅದಕ್ಕೆ ಮೊದಲು ಏನು ಬದಲಿಸಿದ್ದಿರಿ.
(5) ಈವರೆಗೆ ಮಾಡಿನೋಡಿದ ಉಪಾಯಗಳು ಯಾವುವು.

ಈ ಐದನ್ನೂ ಬರೆಯುತ್ತ ಹೋದಂತೆ, ಉತ್ತರ ನಮಗೇ ಹೊಳೆದುಬಿಡುವುದೂ ಉಂಟು. ಇಂಗ್ಲಿಷ್ ಚೆನ್ನಾಗಿ ಬಾರದೆಂದು ನಾಚಬೇಕಾಗಿಲ್ಲ. ಸೂಚನೆಯನ್ನು ಇದ್ದಂತೆಯೇ ಇಟ್ಟು, ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರೆ ಸಾಕು. ಉತ್ತರ ಕೊಡುವವರಲ್ಲಿಯೂ ಎಷ್ಟೋ ಮಂದಿಗೆ ಇಂಗ್ಲಿಷ್ ಮನೆಮಾತಲ್ಲ.

ಎಚ್ಚರದ ಮಾತು

ನೆರವು ನೀಡುವವರೆಲ್ಲರೂ ಬಲ್ಲವರಲ್ಲ, ಎಲ್ಲರೂ ಸಜ್ಜನರೂ ಅಲ್ಲ. ಗುಪ್ತಪದವನ್ನು ಯಾರಿಗೂ ಹೇಳಬಾರದು. ಯಾರೋ ಕೊಟ್ಟ ಆಜ್ಞೆಯನ್ನು ಅರ್ಥ ತಿಳಿಯದೆ ಬೆರಳಚ್ಚಿಸಬಾರದು. ಮುಖ್ಯವಾಗಿ 'ಸುಡೊ' ಎಂದು ಆರಂಭವಾಗುವ ಆಜ್ಞೆಗೆ ಇಡೀ ಯಂತ್ರದ ಮೇಲೆ ಅಧಿಕಾರವಿರುತ್ತದೆ. 'ಆರ್‌ಎಂ' ಎಂಬ ಎರಡಕ್ಷರ ಕಡತಗಳನ್ನು ಅಳಿಸುತ್ತದೆ. ಹಾಗೆ ಅಳಿಸಿದುದು ಕಸದಬುಟ್ಟಿಗೂ ಹೋಗುವುದಿಲ್ಲ. 'ಮ್ಯಾನ್' ಎಂಬ ಪದದ ಮುಂದೆ ಆಜ್ಞೆಯ ಹೆಸರು ಬರೆದರೆ ಅದರ ಅರ್ಥವನ್ನು ಯಂತ್ರವೇ ಹೇಳುತ್ತದೆ. ಕೈಹಾಕುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಶಾಲೆಯ ಯಂತ್ರವಾದರೆ ಅಧ್ಯಾಪಕರ ಅನುಮತಿ ಬೇಕೇ ಬೇಕು.

ಹೆತ್ತವರಲ್ಲಿ ಒಂದು ವಿನಂತಿ. ಮಗಳೋ ಮಗನೋ ಮನೆಯ ಹಳೆಯ ಯಂತ್ರದ ಮುಂದೆ ಕುಳಿತು ದೋಷ ಹುಡುಕುವುದನ್ನು ಕಂಡು "ಹಾಳುಮಾಡಿಬಿಟ್ಟೀಯೆ" ಎಂದು ಕೂಡಲೇ ಗದರಿಸಬೇಡಿರಿ. ಮೊದಲು ಪ್ರತಿ ತೆಗೆದಿಟ್ಟಿದ್ದೀಯಾ ಎಂದು ಕೇಳಿರಿ. ಹೌದಾದರೆ ಮುಂದುವರಿಯಲು ಬಿಡಿರಿ. ಕಾರಣ ಹುಡುಕುವ ಈ ಬುದ್ಧಿ ಗಣಿತಕ್ಕೂ ವಿಜ್ಞಾನಕ್ಕೂ ಬದುಕಿಗೂ ಬೇಕಾದುದೇ.

ನಾವು ಕೊಡಬೇಕಾದುದು

ಹಳ್ಳಿಯ ಬೇಸಾಯದಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಲಿನಕ್ಸ್ ಬಳಗದ ನೆರವೂ ಹೆಚ್ಚುಕಡಿಮೆ ಹಾಗೆಯೇ. ಸಹಾಯ ಮಾಡಿದವರಿಗೇ ಹಿಂತಿರುಗಿಸುವ ಸಂದರ್ಭ ಬಾರದಿರಬಹುದು; ಮುಂದೆ ಅದೇ ತೊಂದರೆಗೆ ಸಿಕ್ಕುವ ಇನ್ನೊಬ್ಬರಿಗೆ ಸಲ್ಲಿಸಬಹುದು. ತೊಂದರೆ ನೀಗಿದ ಮೇಲೆ "ಸರಿಹೋಯಿತು" ಎಂದಷ್ಟೇ ಹೇಳಿ ಎದ್ದುಹೋಗದೆ, ಹೇಗೆ ಸರಿಹೋಯಿತೆಂದು ನಾಲ್ಕು ಸಾಲು ಬರೆದಿಡುವುದೇ ಆ ಸಲ್ಲಿಕೆ.

ಈ ನಾಲ್ಕು ಸಾಲುಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಕನ್ನಡದಲ್ಲಿ ಬಹಳ ಕಡಿಮೆ. ಗಡಿನಾಡಿನ ನಮ್ಮ ಮಕ್ಕಳಿಗೆ ಇದರ ಕೊರತೆ ಇನ್ನೂ ಹೆಚ್ಚು ತಟ್ಟುತ್ತದೆ. ಆದುದರಿಂದ ನಮ್ಮ ಗಣಕ ಕೊಠಡಿಯಲ್ಲಿ ಒಂದು ದಾಖಲೆ ಪುಸ್ತಕ ಇಡೋಣ. ದಿನಾಂಕ, ಯಂತ್ರದ ಸಂಖ್ಯೆ, ಕಂಡ ತೊಂದರೆ, ತಿಳಿದ ಕಾರಣ, ಮಾಡಿದ ಪರಿಹಾರ ಎಂದು ಐದು ಕಲಂಗಳು ಸಾಕು. ಎಂಟನೆಯ ತರಗತಿಗೆ ಹೊಸದಾಗಿ ಬರುವ ಮಗುವಿಗೂ ಅರ್ಥವಾಗುವಂತೆ ತಿಳಿಗನ್ನಡದಲ್ಲಿ ಬರೆಯೋಣ. ಹನಿಗೂಡಿದರೆ ಹಳ್ಳ. ನಾವು ಶಾಲೆ ಬಿಟ್ಟುಹೋದ ಮೇಲೂ ಆ ಪುಸ್ತಕ ನಮ್ಮ ತಮ್ಮತಂಗಿಯರ ಕೈಗೆ ದಾರಿದೀಪವಾಗಿ ಉಳಿಯಲಿ.